ಹಾಡಿಗಲ್ಲ, ಕವರ್‌ಗೋಸ್ಕರ ಹಳೇ ರೆಕಾರ್ಡ್ ಕೂಡಿಡುವವರು ಯಾರಾದರೂ ಇದ್ದೀರಾ?

ಬನಶಂಕರಿಯಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ಪ್ಲೇಯರ್ ಇಲ್ಲ, ತರುವ ಯೋಚನೆಯೂ ಇಲ್ಲ. ಸೋದರಮಾವನ ಮನೆ ಅಟ್ಟ ಖಾಲಿ ಮಾಡುವಾಗ ಒಂದು ಭಕ್ತಿಗೀತೆ ಎಲ್‌ಪಿ, ಅಂದರೆ ದೊಡ್ಡ ಪ್ಲೇಟು, ಸಿಕ್ಕಿತು. ಕವರ್ ಮೇಲೆ ತಿಮ್ಮಪ್ಪ, ಹಿಂದೆ ನೇರಳೆ-ಕಿತ್ತಳೆ ಸುರುಳಿ, ಥೇಟ್ ಡಿಸ್ಕೋ ಲೈಟು! ಅವತ್ತಿನಿಂದ ಹುಚ್ಚು ಹಿಡಿದಿದೆ. ಈಗ ಏಳು ಆಗಿವೆ. ಎಲ್ಲಿ ಹುಡುಕಬೇಕು, ಎಷ್ಟು ಕೊಡಬಹುದು, ಗೋಡೆಗೆ ಹಾಕಬಹುದಾ? ಅಮ್ಮ ಮಾತ್ರ "ಹಾಡದ ಪ್ಲೇಟಿಗೆ ದುಡ್ಡು ಸುರೀತಾಳೆ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮಲ್ಲೇಶ್ವರದಿಂದ:
ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಹೋಗಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದರೆ ಆಯಿತು. ಹಳೇ ಮಿಕ್ಸಿ, ತುಕ್ಕು ಹಿಡಿದ ಸ್ಪಾನರ್, ಒಂಟಿ ಶೂ ಇವುಗಳ ಮಧ್ಯೆ ಎಲ್ಲೋ ಒಂದು ರೆಕಾರ್ಡ್ ಕಟ್ಟು ಕೂತಿರುತ್ತದೆ. ಪ್ರತಿ ವಾರ ಇರುತ್ತೆ ಅಂತಿಲ್ಲ. ನಾನು ಮೂರು ವಾರ ಬರಿಗೈಲಿ ಬಂದು, ನಾಲ್ಕನೇ ವಾರ ಒಂಬತ್ತು ಹೊತ್ತು ತಂದಿದ್ದೂ ಇದೆ.

ನಮಗೊಂದು ಅನುಕೂಲ ಇದೆ. ಹಾಡು ಕೇಳುವವರು ಪ್ಲೇಟನ್ನು ಬೆಳಕಿಗೆ ಹಿಡಿದು ಗೀರು ನೋಡಿ ಅಲ್ಲೇ ಇಟ್ಟು ಹೋಗುತ್ತಾರೆ. ಅದೇ ನಮ್ಮ ಮಾಲು. "ಗೀರು ಬಿದ್ದಿದೆಯಲ್ಲಪ್ಪ" ಅಂತ ಶುರು ಮಾಡಿ. ಕವರ್ ಕಡೆ ನೋಡಲೇಬೇಡಿ, ಖುಷಿ ಮುಖದಲ್ಲಿ ಕಂಡರೆ ರೇಟು ಏರುತ್ತೆ. ನಾನು 150 ರೂಪಾಯಿ ದಾಟಿದ್ದು ಅಪರೂಪ. ಎಲ್ಲದಕ್ಕೂ "ರೇರ್ ಪೀಸ್ ಸಾರ್" ಅಂತಾರೆ, ನಕ್ಕು ಮುಂದೆ ಹೋಗಿ. ನಿಜವಾಗಿ ರೇರ್ ಅಂದರೆ ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಹತ್ತು ರಾಗ ನುಡಿಸಿದ ಎಲ್‌ಪಿ. ಆಗ ಓಡಲೇ ಇಲ್ಲ. 2010ರಲ್ಲಿ ಮತ್ತೆ ಹೊರಬಂದ ಮೇಲೆ ವಿದೇಶದವರೂ ಹುಡುಕುತ್ತಿದ್ದಾರೆ. ಅದು ಗುಜರಿ ರೇಟಿಗೆ ಸಿಗುತ್ತೆ ಅಂತ ಕನಸು ಕಾಣಬೇಡಿ.

ಬಸವನಗುಡಿಯಿಂದ:
ನೋಡಮ್ಮ, ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟುಗಳನ್ನ ಕವರ್ ಆಸೆಗೆ ತಗೋಬೇಡ. ಬಹುಪಾಲು ಬರೀ ಕಾಗದದ ಚೀಲ, ನಡುವೆ ಒಂದು ತೂತು, ಕಂಪನಿ ಹೆಸರು, ಅಷ್ಟೇ. ಕವರ್‌ಗೆ ಚಿತ್ರ ಬರೆಯೋ ಪದ್ಧತಿ ಬೆಳೆದಿದ್ದು 1940ರ ಹೊತ್ತಿಗೆ, ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಕಲಾವಿದನಿಂದ. 1948ರಲ್ಲಿ ಎಲ್‌ಪಿ ಬಂತು, ಬರೆಯೋರಿಗೆ ಒಂದಡಿ ಚೌಕ ಜಾಗ ಸಿಕ್ಕಿತು.

ನನ್ನ ಕೇಳಿದರೆ ಸಿನಿಮಾ ಇಪಿ, ಅಂದರೆ ಕೆಲವೇ ಹಾಡಿನ ಚಿಕ್ಕ ಪ್ಲೇಟು, ಹುಡುಕು. 7 ಇಂಚಿನ ಪುಟ್ಟ ಕವರ್. ಹೀರೋಗೂ ಹೀರೋಯಿನ್‌ಗೂ ಒಂದೇ ಗುಲಾಬಿ ಕೆನ್ನೆ, ಒಂದು ಮೂಲೇಲಿ ಕಾರು, ಇನ್ನೊಂದು ಮೂಲೇಲಿ ಅಳ್ತಾ ಇರೋ ತಾಯಿ. ಜಾಗವೂ ಜಾಸ್ತಿ ಬೇಡ. ಕವರ್ ಮೇಲೆ ಯಾರೋ ಹೆಸರು ಬರೆದಿದ್ದಾರೆ ಅಂತ ಬಿಟ್ಟು ಬರಬೇಡ. ನನ್ನ ಹತ್ತಿರ ಒಂದರ ಮೇಲೆ ನೀಲಿ ಶಾಯೀಲಿ "ನಾದಿನಿಗೆ, ಪಾಸಾದ್ದಕ್ಕೆ, 1974" ಅಂತಿದೆ. ಆ ಚಿತ್ರದ ಪೋಸ್ಟರ್ ಕೊಡ್ತೀನಿ ಅಂದರೂ ಅದನ್ನ ಬದಲಿಸಲ್ಲ.

ರಾಜಾಜಿನಗರದಿಂದ:
ಗೋಡೆಗೆ ಹಾಕುವ ವಿಷಯಕ್ಕೆ ಬರುತ್ತೇನೆ, ನನಗೆ ಪೆಟ್ಟು ಬಿದ್ದಿದ್ದೇ ಅಲ್ಲಿ. ದೇವರ ಫೋಟೋಗೆ ಕಟ್ಟು ಹಾಕುವ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. "ನೀಟಾಗಿ ಮಾಡ್ತೀನಿ ಮೇಡಂ" ಅಂದರು. ನೀಟಾಗೇ ಮಾಡಿದ್ದರು. ಕವರ್‌ನ ಮೂರು ಅಂಚು ಬ್ಲೇಡಿನಲ್ಲಿ ಕೊಯ್ದು, ಬಿಡಿಸಿ, ಹಾರ್ಡ್‌ಬೋರ್ಡ್‌ಗೆ ಗೋಂದು ಹಚ್ಚಿ ಅಂಟಿಸಿದ್ದರು. ಹಿಂಬದಿಯ ಬರಹ ಹೋಯಿತು. ಪ್ಲೇಟನ್ನು ಪೇಪರಲ್ಲಿ ಸುತ್ತಿ ಬೇರೆ ಕೊಟ್ಟರು! ಬೈಯುವುದಕ್ಕೂ ಬಾಯಿ ಬರಲಿಲ್ಲ, ನಾನು ಹೇಳಿರಲಿಲ್ಲ ಅಲ್ವಾ. ಈಗ ಹಿಂದಿನಿಂದ ತೆಗೆದು ಹಾಕುವಂಥ ಖಾಲಿ ಕಟ್ಟು ಮಾಡಿಸಿ, ಮನೆಯಲ್ಲಿ ನಾನೇ ಕೂರಿಸುತ್ತೇನೆ. ಒಳಗಿನ ಅಳತೆ 31.5 ಸೆಂಟಿಮೀಟರ್‌ಗಿಂತ ಕೂದಲೆಳೆಯಷ್ಟು ಜಾಸ್ತಿ ಇರಲಿ. ಬಿಸಿಲು ಬೀಳುವ ಗೋಡೆ ಬೇಡವೇ ಬೇಡ. ಕೆಂಪು, ಹಳದಿ ಮೊದಲು ಹೋಗಿ ಎಲ್ಲರ ಮುಖವೂ ನೀಲಿ ತಿರುಗುತ್ತದೆ.

ಉಳಿದದ್ದನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಪೇರಿಸಿದರೆ ಕವರ್ ಮೇಲೆ ಪ್ಲೇಟಿನ ದುಂಡು ಗುರುತು ಏಳುತ್ತದೆ. ರೋಲಿಂಗ್ ಸ್ಟೋನ್ಸ್ ಅನ್ನುವ ಇಂಗ್ಲೆಂಡಿನ ರಾಕ್ ತಂಡದವರು 1971ರಲ್ಲಿ ಕವರ್‌ಗೆ ನಿಜವಾದ ಜಿಪ್ಪನ್ನೇ ಹಾಕಿದ್ದರು. ಪೇರಿಸಿ ಸಾಗಿಸುವಾಗ ಅದು ಒತ್ತಿ ಪ್ಲೇಟಿಗೇ ಗಾಯ ಆಗುತ್ತಿತ್ತು. ಕೊನೆಗೆ ಜಿಪ್ಪನ್ನು ಅರ್ಧಕ್ಕೆ ಎಳೆದು ಕಳಿಸಿದರು, ಒತ್ತಿದರೂ ನಡುವಿನ ಲೇಬಲ್‌ಗೆ ಒತ್ತಲಿ ಅಂತ. ದಪ್ಪ ಪಿವಿಸಿ ಕವರ್ ಹಾಕಬೇಡಿ, ವರ್ಷ ಕಳೆದರೆ ಶಾಯಿಗೆ ಅಂಟಿಕೊಳ್ಳುತ್ತದೆ. ತೆಳು ಪಾಲಿಥೀನ್ ಸಾಕು. ಮಳೆಗಾಲದಲ್ಲಿ ಬೀರು ಗೋಡೆಗೆ ತಾಗದಿರಲಿ, ಬೂಷ್ಟು ಹಿಡಿಯುತ್ತೆ.

ಜೆ.ಪಿ. ನಗರದಿಂದ:
ನಾನು ಅಸಲಿಯನ್ನು ಗೋಡೆಗೆ ಹಾಕುವುದೇ ಇಲ್ಲ, ಪ್ರಿಂಟ್ ಹಾಕುತ್ತೇನೆ. ಎ3 ಹಾಳೆ ಸಾಲದು, ಎಲ್‌ಪಿ ಕವರ್ ಅದಕ್ಕಿಂತ ಸುಮಾರು 2 ಸೆಂಟಿಮೀಟರ್ ಅಗಲ. ದೊಡ್ಡ ಹಾಳೆಯ ಪ್ರಿಂಟ್ ಅಂಗಡಿಗೇ ಹೋಗಿ.

ಬನಶಂಕರಿಯಿಂದ, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ, ಎರಡು ಇಪಿ ಸಿಕ್ಕಿತು, ಗುಲಾಬಿ ಕೆನ್ನೆಯವೇ. ಮನೆಗೆ ಬಂದು ತೆಗೆದರೆ ಒಂದರೊಳಗೆ ಬೇರೆಯೇ ಪ್ಲೇಟು, ಮಕ್ಕಳ ಹಾಡಿನದು. ಅದರ ಕವರ್‌ನಲ್ಲಿ ಏನಿತ್ತೋ ಅಂತ ಈಗ ಅಮ್ಮನಿಗೇ ಕುತೂಹಲ. ಮುಂದಿನ ವಾರ ಅವರೂ ಬರುತ್ತಾರಂತೆ.