ತಾತನ ವಿಲ್‌ನಲ್ಲಿ 'ಬಿಕ್ವೀತ್' ಅಂತ ಇದೆ, ಏನರ್ಥ?

ಪ್ರಶ್ನೆ: ತಾತ 1974ರಲ್ಲಿ ಮಾಡಿಸಿದ್ದ ವಿಲ್ ಟ್ರಂಕಿನಲ್ಲಿ ಸಿಕ್ತು. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ, ಇನ್ನೂ ನುಸಿಗುಳಿಗೆ ವಾಸನೆ. ಪೂರ್ತಿ ಇಂಗ್ಲಿಷು. 'ಐ ಗಿವ್, ಡಿವೈಸ್ ಅಂಡ್ ಬಿಕ್ವೀತ್' ಅಂತ ಮೂರು ಕಡೆ ಬಂದಿದೆ. ಡಿವೈಸ್ ಅಂದ್ರೆ ಮೊಬೈಲಾ ಅಂತ ಮಗಳು ನಗ್ತಾಳೆ. ಗಿವ್ ಒಂದೇ ಸಾಲದಾಗಿತ್ತಾ?

ಉತ್ತರ 1: ಬಿಟ್ಟುಹೋಗೋದು ಅಂತ ಅಷ್ಟೇ.

ಉತ್ತರ 2: ಅಷ್ಟೇ ಅಲ್ಲ ಸ್ವಾಮಿ. ಕೋರ್ಟಿನ ಎದುರು ಇಪ್ಪತ್ತೆರಡು ವರ್ಷ ಟೈಪ್ ಹೊಡೆದವನು ನಾನು. ಕ್ಯೂ ಅಕ್ಷರ ಎಡಗೈ ಕಿರುಬೆರಳಿನದು; ಈ ಪದದಲ್ಲಿ ಎಡವಿದರೆ ಕಾರ್ಬನ್ ಇಟ್ಟ ಮೂರೂ ಪ್ರತಿ ತಿದ್ದಬೇಕಿತ್ತು. ಹಾಗಾಗಿ ಮರೆಯೋ ಪದ ಅಲ್ಲ.

ಉಚ್ಚಾರಣೆ 'ಬಿಕ್ವೀದ್', ಇನ್ನೊಂದು 'ಡಿವೈಜ್'. ಇಂಗ್ಲೆಂಡಿನ ಹಳೇ ರೂಢಿಯಲ್ಲಿ ಜಮೀನು, ಮನೆಗೆ ಡಿವೈಜ್. ಒಡವೆ, ದುಡ್ಡು, ಪಾತ್ರೆಗೆ ಬಿಕ್ವೀದ್. ನಮ್ಮ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಎರಡಕ್ಕೂ ಬಿಕ್ವೀದೇ. ಆದರೂ ವಕೀಲರು ಮೂರೂ ಹಾಕಿಸೋರು. ಪುಟಕ್ಕಿಷ್ಟು ಅಂತ ರೇಟಿದ್ದ ನನಗೇನು ಬೇಜಾರಿರಲಿಲ್ಲ.

ಮೂಲದಲ್ಲಿ ಅದು ಕೊಡೋ ಪದವೇ ಅಲ್ಲ, ಹೇಳೋ ಪದ. ಹಳೇ ಇಂಗ್ಲಿಷಿನ 'ಹೇಳು' ಅನ್ನೋ ಧಾತುವಿನಿಂದ ಬಂದದ್ದು, ಹಳೇ ಪದ್ಯಗಳಲ್ಲಿ ಬರೋ 'ಕ್ವೋತ್' ಇದರ ದಾಯಾದಿ. ಸಾಯೋ ಮುಂಚೆ 'ಇದು ಇಂಥವರಿಗೆ' ಅಂತ ಬಾಯಲ್ಲಿ ಹೇಳಿದ್ದು. ನಾವು 'ಬರೆದಿಟ್ಟು ಹೋದರು' ಅಂತೀವಿ, ಅವರು 'ಹೇಳಿ ಹೋದರು' ಅಂದ ಹಾಗೆ. ಶೇಕ್ಸ್‌ಪಿಯರ್‌ನ 1616ರ ವಿಲ್‌ನಲ್ಲಿ ಮಗಳು ಜೂಡಿತ್‌ಗೆ 150 ಪೌಂಡು 'ಗಿವ್ ಅಂಡ್ ಬಿಕ್ವೀದ್'. ಹೆಂಡತಿಗೆ ಮನೆಯಲ್ಲಿದ್ದ ಎರಡನೇ ಒಳ್ಳೇ ಮಂಚ, ಅದೂ ಬರೀ 'ಗಿವ್'!

ಮಾತಿನಲ್ಲಿ ಬಳಸೋದಾದ್ರೆ ಜೋಕೆ. ಅಪ್ಪ ಎದುರಿಗೆ ಕಾಫಿ ಕುಡೀತಾ ಕೂತಿರುವಾಗ 'ಈ ವಾಚು ಅಪ್ಪ ಬಿಕ್ವೀದ್ ಮಾಡಿದ್ದು' ಅನ್ನಬೇಡಿ. ಬದುಕಿರುವಾಗ ಕೊಟ್ಟರೆ ಗಿಫ್ಟು. ಜಮೀನು, ಮನೆಯಾದರೆ ದಾನಪತ್ರ, ಅದು ರಿಜಿಸ್ಟರ್ ಆಗಲೇಬೇಕು. ವಿಲ್‌ಗೆ ಆ ಕಡ್ಡಾಯ ಇಲ್ಲ, ಬರೆಸಿದವರ ಸಹಿ ಜೊತೆ ಇಬ್ಬರು ಸಾಕ್ಷಿ ಸಹಿ ಇದ್ದರೆ ಸಾಕು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಮೂರನೇ ಸಾಲು ಅಜ್ಜಿಗೆ ತಾಮ್ರದ ಹಂಡೆ ಬಗ್ಗೆ. ಆದರೆ ಅಜ್ಜಿ ತಾತನಿಗಿಂತ ಮೊದಲೇ ಹೋದರು. ಈಗ ಅದು ಯಾರದು?

ಉತ್ತರ 2: ಆ ಸಾಲು ಬಿದ್ದುಹೋಯ್ತು. 'ಉಳಿದದ್ದೆಲ್ಲ ಇಂಥವರಿಗೆ' ಅಂತ ಕೊನೆಯಲ್ಲಿ ಇದೆಯಾ ನೋಡಿ, ಇದ್ದರೆ ಅವರಿಗೆ ಸೇರುತ್ತೆ. ಹಂಡೆ ಎಲ್ಲಿದೆ?

ಪ್ರಶ್ನೆ ಕೇಳಿದವರು: ಚಿಕ್ಕಪ್ಪನ ಮನೆ ಬಚ್ಚಲಲ್ಲಿ. ಕೊನೇ ಹಾಳೆ ಸಿಕ್ಕಿಲ್ಲ.