ತೂಬಿನ ಬಳಿಯ ಮೂರು ಮಿಂಚುಳ್ಳಿಗಳು ಬೇರೆಯಾದದ್ದು ಪೈಪೋಟಿಯಿಂದಲೇ?

ಪ್ರಶ್ನೆ (ಗಂಗಾವತಿ)

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮ ಗದ್ದೆಯ ತೂಬಿನ ಬಳಿ ಮೂರು ಬಗೆಯ ಮಿಂಚುಳ್ಳಿಗಳು ಕಾಣುತ್ತವೆ. ಕಪ್ಪು-ಬಿಳಿ ಬಣ್ಣದ್ದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ಕೊಕ್ಕು ಕೆಳಗೆ ಮಾಡಿ, ಕಲ್ಲು ಬಿದ್ದಂತೆ ಬೀಳುತ್ತದೆ. ಪುಟ್ಟ ನೀಲಿಯದು ತೂಬಿನ ಸರಳಿನ ಮೇಲೆ ಕೂತು ಮರಿಮೀನಿಗೆ ಕಾಯುತ್ತದೆ. ಬಿಳಿ ಎದೆಯ ಗದ್ದೆ ಮಿಂಚುಳ್ಳಿಯಂತೂ ಬಹಳ ಸಲ ನೀರಿನ ಗೊಡವೆಗೇ ಹೋಗದೆ ತಂತಿಯಿಂದ ಬದುವಿನ ಮಿಡತೆಗೆ ಎರಗುತ್ತದೆ. ಒಂದೇ ಆಹಾರಕ್ಕೆ ಪೈಪೋಟಿ ನಡೆಸುವ ಜೀವಿಗಳು ಕ್ರಮೇಣ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ಓದಿದ್ದೇನೆ. ಇಲ್ಲಿ ನಡೆದಿರುವುದೂ ಅದೇ ಅಲ್ಲವೇ?

ಉತ್ತರ (ರಾಯಚೂರು)

ಈ ಹಕ್ಕಿಗಳು ನಿಮ್ಮ ಪರ ಸಾಕ್ಷಿ ನುಡಿಯಲಾರವು ಸರ್. ಮೂರೂ ಮಿಂಚುಳ್ಳಿ ಕುಟುಂಬದ ಮೂರು ಬೇರೆ ಉಪಕುಟುಂಬಗಳಿಗೆ ಸೇರಿದವು. ಆ ಕವಲುಗಳು ಒಡೆದದ್ದು ಮನುಷ್ಯನೇ ಇಲ್ಲದ ಕಾಲದಲ್ಲಿ, ಅಣೆಕಟ್ಟಿನ ನೀರು ಬಂದದ್ದು 1953ರಲ್ಲಿ. ಮೊದಲೇ ಬೇರೆಯಾಗಿದ್ದರಿಂದ ಒಂದೇ ತೂಬಿನಲ್ಲಿ ಹೊಂದಿಕೊಂಡಿವೆ ಎಂದೂ ವಾದಿಸಬಹುದು. ಪೈಪೋಟಿಯೇ ಕಾರಣ ಎನ್ನಬೇಕಾದರೆ ಪ್ರತಿಸ್ಪರ್ಧಿ ಬರುವ ಮೊದಲಿನ ಮತ್ತು ಬಂದ ನಂತರದ ಅಳತೆ ಎರಡೂ ಕೈಯಲ್ಲಿರಬೇಕು.

ಪೆಸಿಫಿಕ್ ಸಾಗರದ ಗಲಪಾಗೋಸ್ ದ್ವೀಪಸಮೂಹದ ಡ್ಯಾಫ್ನೆ ಮೇಜರ್ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ 1973ರಿಂದ ಅಂಥ ಅಳತೆ ಇಟ್ಟರು. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದು, ನಮ್ಮ ಹೊಲದ ನೆಗ್ಗಿಲುಮುಳ್ಳಿನ ಹತ್ತಿರದ ಸಂಬಂಧಿಯೊಂದರ ಗಟ್ಟಿ ಕಾಯಿಗಳೇ ಹೆಚ್ಚಾಗಿ ಉಳಿದಾಗ, ಅವನ್ನು ಒಡೆಯಬಲ್ಲ ದಪ್ಪ ಕೊಕ್ಕಿನ ಮಧ್ಯಮ ಫಿಂಚ್‌ಗಳು (ಬೀಜ ತಿನ್ನುವ ಪುಟ್ಟ ಹಕ್ಕಿಗಳ ಒಂದು ಪ್ರಭೇದ) ಹೆಚ್ಚು ಬದುಕಿದವು. ಮುಂದಿನ ಪೀಳಿಗೆಯ ಕೊಕ್ಕು ದಪ್ಪವಾಯಿತು. 1982ರಲ್ಲಿ ದೊಡ್ಡ ಫಿಂಚ್ ಎಂಬ ಇನ್ನೊಂದು ಪ್ರಭೇದ ಪ್ರತಿಸ್ಪರ್ಧಿಯಾಗಿ ಅಲ್ಲಿ ಬಂದು ನೆಲೆಸಿತು. 2003–04ರಲ್ಲಿ ಮತ್ತೆ ಬರ ಬಿದ್ದಾಗ ಆ ಮುಳ್ಳುಕಾಯಿಗಳನ್ನು ದೊಡ್ಡ ಫಿಂಚ್‌ಗಳು ಬರಿದುಮಾಡಿದ್ದರಿಂದ, ಹಿಂದೆ ಗೆದ್ದಿದ್ದ ದಪ್ಪ ಕೊಕ್ಕಿನ ಹಕ್ಕಿಗಳೇ ಈ ಸಲ ಹೆಚ್ಚಾಗಿ ಸತ್ತು, ಸರಾಸರಿ ಕೊಕ್ಕು ಕಿರಿದಾಯಿತು. ದ್ವೀಪ ಅದೇ, ಬರವೂ ಅಂಥದ್ದೇ, ಫಲ ಮಾತ್ರ ತಿರುಗುಮುರುಗು.

ಉತ್ತರ (ಬಳ್ಳಾರಿ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕೊಕ್ಕು ಕಿರಿದಾದ ಮಾತ್ರಕ್ಕೆ ಹೊಸ ಪ್ರಭೇದ ಹುಟ್ಟಲಿಲ್ಲ. ಅದಕ್ಕೆ ಕೂಡುವಿಕೆಯೂ ಬೇರ್ಪಡಬೇಕು. ಫಿಂಚ್‌ಗಳಲ್ಲಿ ಕೊಕ್ಕು ಬದಲಾದರೆ ಹಾಡಿನ ಲಯವೂ ಬದಲಾಗುತ್ತದೆ, ಹೆಣ್ಣು ಹಾಡನ್ನೂ ಕೇಳಿ ಸಂಗಾತಿಯನ್ನು ಆರಿಸುತ್ತದೆ. ಆದ್ದರಿಂದ ಆಹಾರದ ಪೈಪೋಟಿ ಬಳಸುದಾರಿಯಲ್ಲಿ ಅಲ್ಲಿಗೂ ಮುಟ್ಟಬಹುದು. ಇನ್ನೊಂದು, ಪೈಪೋಟಿ ಕವಲುಗಳನ್ನು ಚಿವುಟಿಹಾಕುವುದೂ ಉಂಟು. ಮರಕುಟಿಗಗಳೇ ಇಲ್ಲದ ಗಲಪಾಗೋಸ್‌ನಲ್ಲಿ ಒಂದು ಫಿಂಚ್ ಕಡ್ಡಿ ಹಿಡಿದು ತೊಗಟೆಯ ಸಂದಿನ ಹುಳು ಕೆದಕುವುದನ್ನು ಕಲಿತಿದೆ. ಆ ಕಸುಬಿನವರು ಮೊದಲೇ ಇದ್ದಿದ್ದರೆ ಅದಕ್ಕೆ ಎಡೆ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಉಪಕುಟುಂಬದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಕಾಲುವೆ ನಿಂತು ಗುಂಡಿಗಳಲ್ಲಷ್ಟೇ ನೀರು ಉಳಿದಾಗ, ಕಪ್ಪು-ಬಿಳಿಯದು ಬಂದರೆ ಪುಟ್ಟ ನೀಲಿಯದು ಜಾಗ ಬಿಡುತ್ತದೆಯೇ ಎಂದು ಈ ಸಲ ಬರೆದಿಡುತ್ತೇನೆ. ಅದು ವಿಕಾಸಕ್ಕೆ ಪುರಾವೆಯಾಗದು. ಈಗ ಪೈಪೋಟಿ ಇದೆಯೋ ಇಲ್ಲವೋ ಎಂಬುದಾದರೂ ತಿಳಿದೀತು.