ಲೆಕ್ಕದಲ್ಲಿ ಲಾಭ, ಬ್ಯಾಂಕಿನಲ್ಲಿ ಸಾಲ: ಗಿರಣಿ ವ್ಯವಸ್ಥಾಪಕ ಎಲ್ಲಿಂದ ಕಲಿಯಬೇಕು?

ಪ್ರಶ್ನೆ – ಮದ್ದೂರು ಗಿರಣಿ

ನಮಸ್ಕಾರ. ಮದ್ದೂರಿನ ಬಳಿಯ ಅಕ್ಕಿ ಗಿರಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ನನಗೆ ಈಗ ಇಡೀ ಗಿರಣಿಯ ಹೊಣೆ ಬಂದಿದೆ. ಓದಿರುವುದು ಮೆಕ್ಯಾನಿಕಲ್ ಡಿಪ್ಲೊಮಾ. ಜನವರಿಯಲ್ಲಿ 40 ಲಕ್ಷ ರೂಪಾಯಿಯ ಭತ್ತವನ್ನು ರೈತರಿಗೆ ನಗದು ಕೊಟ್ಟು ಕೊಂಡೆವು. ಅದರಲ್ಲಿ 30 ಲಕ್ಷದ್ದನ್ನು ಅರೆದು 36 ಲಕ್ಷಕ್ಕೆ ಮಾರಿದೆವು. ಸಂಬಳ, ವಿದ್ಯುತ್ತಿಗೆ 3 ಲಕ್ಷ ಹೋಯಿತು. ಅಕೌಂಟೆಂಟ್ 2 ಲಕ್ಷ ಲಾಭ ಎನ್ನುತ್ತಾರೆ, ಸಿ.ಸಿ. (ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ಸಾಲ ಪಡೆಯುವ ಬ್ಯಾಂಕ್) ಖಾತೆಯಲ್ಲಿ ನೋಡಿದರೆ ಸಾಲ 27 ಲಕ್ಷ ಏರಿದೆ. ಇದನ್ನು ಅರ್ಥಮಾಡಿಕೊಳ್ಳಲು ಬಿ.ಕಾಂ. ವಿದ್ಯಾರ್ಥಿಯಂತೆ ಜರ್ನಲ್ ಎಂಟ್ರಿಯಿಂದಲೇ (ಪ್ರತಿ ವ್ಯವಹಾರವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದರಿಂದಲೇ) ಆರಂಭಿಸಬೇಕೇ?

ಉತ್ತರ 1 – ಮಂಡ್ಯದ ತೆರಿಗೆ ಸಲಹೆಗಾರ

ಬೇಡ ಸರ್. ಲೆಕ್ಕ ಬರೆಯುವುದು ಅಕೌಂಟೆಂಟರ ಕೆಲಸ, ಅದನ್ನು ಓದಿ ಪ್ರಶ್ನೆ ಕೇಳುವುದು ನಿಮ್ಮದು. ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. ಮಾರಾಟ 36 ಲಕ್ಷ. ಅದರಿಂದ ಅರೆದ ಭತ್ತದ ಬೆಲೆ 30, ಖರ್ಚು 3 ಕಳೆದರೆ ಉಳಿಯುವುದು 3 ಲಕ್ಷ. ಲಾಭ 2 ಎಂದರೆ ಯಂತ್ರಗಳ ಸವಕಳಿಗೆಂದು (ಬಳಕೆಯಿಂದ ಬೆಲೆ ಇಳಿಯುವುದಕ್ಕೆಂದು) 1 ಲಕ್ಷ ಬರೆದಿರಬೇಕು, ಅದು ಕೈಯಿಂದ ಹೋದ ಹಣವಲ್ಲ. ಆದ್ದರಿಂದ 2ಕ್ಕೆ 1 ಕೂಡಿಸಿ 3 ಮಾಡಿಕೊಳ್ಳಿ. ಅರೆಯದೆ ಗೋದಾಮಿನಲ್ಲಿರುವ 10 ಲಕ್ಷದ ಭತ್ತಕ್ಕೆ ಹಣ ಹೋಗಿದೆ, ಲಾಭ-ನಷ್ಟ ಖಾತೆಗೆ ಅದು ಇನ್ನೂ ಬಂದಿಲ್ಲ. ಇನ್ನುಳಿದ ವ್ಯತ್ಯಾಸ 20 ಲಕ್ಷ. ಬೇರೆ ವ್ಯವಹಾರವಿಲ್ಲದಿದ್ದರೆ ಅದು ಸಾಲಕ್ಕೆ ಕೊಟ್ಟ ಅಕ್ಕಿಗೆ ಅಂಗಡಿಯವರಿಂದ ಬರಬೇಕಾದ ಬಾಕಿಯೇ ಆಗಿರುತ್ತದೆ. 3ರಿಂದ 10 ಮತ್ತು 20 ಕಳೆಯಿರಿ, 27 ಲಕ್ಷದ ಕೊರತೆ ಸಿಗುತ್ತದೆ. ನಗದು ಹರಿವಿನ ತಃಖ್ತೆ (ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್) ಮಾಡುವುದು ಇಷ್ಟನ್ನೇ. ಮಾಲೀಕರ ಮುಂದೆ ಹೋಗುವಾಗ ಯಾವ ಅಂಗಡಿಯ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿಯನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಿಂದ ತೆಗೆಸಿಕೊಳ್ಳಿ.

ಉತ್ತರ 2 – ಮೈಸೂರು, ವಾಣಿಜ್ಯ ಉಪನ್ಯಾಸಕಿ

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಆ 2 ಲಕ್ಷ ಲಾಭವನ್ನೇ ನಾನು ಮೊದಲು ಅನುಮಾನಿಸುತ್ತೇನೆ. ತಿಂಗಳ ಕೊನೆಯ ದಾಸ್ತಾನನ್ನು 1 ಲಕ್ಷ ಹೆಚ್ಚಾಗಿ ಬರೆದರೆ ಮಾರಿದ ಸರಕಿನ ವೆಚ್ಚ ಅಷ್ಟು ಕಡಿಮೆ ಕಾಣುತ್ತದೆ, ಲಾಭವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಚೀಲಗಳ ಎಣಿಕೆಯಲ್ಲಿ ನೀವೇ ನಿಲ್ಲಿ. ದಾಸ್ತಾನಿನ ಬೆಲೆ ಕಟ್ಟುವ ಭಾರತದ ಲೆಕ್ಕ ನಿಯಮವಾದ ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರ ಪ್ರಕಾರ ದಾಸ್ತಾನನ್ನು ತಗುಲಿದ ವೆಚ್ಚ, ಮಾರಿದರೆ ನಿವ್ವಳವಾಗಿ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು.

ಓದಲೇಬೇಕೆಂದರೆ ಕೇಂದ್ರ ಸರ್ಕಾರದ ‘ಸ್ವಯಂ’ (SWAYAM) ಜಾಲತಾಣದ ಲೆಕ್ಕಶಾಸ್ತ್ರದ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪದವಿಯೇ ಬೇಕಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಇದೆ, ಆದರೆ ನಿಮ್ಮ ಈಗಿನ ತೊಂದರೆಗೆ ಅದು ಬಹಳ ದೂರದ ದಾರಿ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದ. ಬಾಕಿಯ ಪಟ್ಟಿ ತೆಗೆಸಿದೆ, ಸರಿಯಾಗಿ 20 ಲಕ್ಷವೇ ಇದೆ. ಇನ್ನೆರಡು ಸಂದೇಹ: ಹೊಸ ಪಾಲಿಶರ್ ಯಂತ್ರದ ಸಾಲದ ಕಂತು ಫೆಬ್ರವರಿಯಿಂದ ಶುರುವಾಗುತ್ತದೆ, ಅದು ಖರ್ಚೇ? ತೌಡು, ನುಚ್ಚಿನ ದಾಸ್ತಾನಿಗೆ ಬೆಲೆ ಕಟ್ಟುವುದು ಹೇಗೆ?

ಉತ್ತರ 1 – ಮಂಡ್ಯದ ತೆರಿಗೆ ಸಲಹೆಗಾರ

ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು. ಅಸಲು ಬ್ಯಾಲೆನ್ಸ್ ಶೀಟಿನಲ್ಲಿ (ಆಸ್ತಿ ಮತ್ತು ಸಾಲಗಳ ಪಟ್ಟಿಯಲ್ಲಿ) ಸಾಲವನ್ನು ಇಳಿಸುತ್ತದೆ, ಲಾಭವನ್ನು ಮುಟ್ಟುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಲಾಭಕ್ಕೂ ನಗದಿಗೂ ಇನ್ನೊಂದು ಅಂತರ ಸೇರಿಕೊಳ್ಳುತ್ತದೆ, ಮಾಲೀಕರಿಗೆ ಈಗಲೇ ತಿಳಿಸಿಡಿ. ತೌಡು, ನುಚ್ಚಿನಂಥ ಉಪ ಉತ್ಪನ್ನಗಳ ಮೌಲ್ಯ ದೊಡ್ಡದಲ್ಲದಿದ್ದರೆ, ಮಾರಿದಾಗ ನಿವ್ವಳವಾಗಿ ಬರುವ ಬೆಲೆಗೆ ಹಿಡಿದು ಆ ಮೊತ್ತವನ್ನು ಅಕ್ಕಿಯ ವೆಚ್ಚದಿಂದ ಕಳೆಯುವುದು ರೂಢಿ.